ಕುಕ್ಕಾಟದ ಸಾವು ತಗ್ಗಬೇಕೆ? ಹೇಂಟೆಯನ್ನಲ್ಲ, ಕುಟುಂಬವನ್ನು ಆರಿಸಿ

"ಮೇವು ಸರಿಯಾಗಿದೆ, ಲಸಿಕೆಯೂ ಆಗಿದೆ. ಆದರೂ ಆಗಾಗ ಒಂದು ಹೇಂಟೆ ಹಿಂಭಾಗ ಹರಿದುಹೋಗಿ ಸತ್ತು ಬಿದ್ದಿರುತ್ತದೆ. ಕುಕ್ಕುವ ಕೋಳಿಯನ್ನು ಹುಡುಕಿ ತೆಗೆದರೆ ಕೆಲವೇ ದಿನಗಳಲ್ಲಿ ಇನ್ನೊಂದು ಶುರು ಮಾಡುತ್ತದೆ. ಇದು ತಳಿಯ ದೋಷವೋ, ಸಾಕಣೆಯ ದೋಷವೋ?" ಮೊಟ್ಟೆಕೋಳಿ ಸಾಕುವ ಓದುಗರು ಬೇರೆ ಬೇರೆ ಮಾತುಗಳಲ್ಲಿ ಪದೇ ಪದೇ ಕೇಳುವುದು ಇದನ್ನೇ. ದೋಷ ಎರಡರಲ್ಲೂ ಇರುತ್ತದೆ. ಸಾಕಣೆಯ ದೋಷವನ್ನು ಕೆಲವು ವಾರಗಳಲ್ಲಿ ಸರಿಪಡಿಸಬಹುದು. ತಳಿಯ ದೋಷಕ್ಕೆ ಎರಡು ಮೂರು ಪೀಳಿಗೆ ಬೇಕು, ಆದರೆ ಅದಕ್ಕೂ ಮನೆಮಟ್ಟದಲ್ಲಿ ಮಾಡಬಹುದಾದ ದಾರಿಯಿದೆ. ಸ್ವಂತವಾಗಿ ಮರಿ ಮಾಡಿಸಿಕೊಳ್ಳುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಮರಿ ಕೊಂಡು ತಂದು ಸಾಕುವವರಿಗೆ ಮೊದಲ ಎರಡು ಹಂತ ಮತ್ತು ಎಂಟನೆಯ ಹಂತ ಸಾಕು.

ಶುರು ಮಾಡುವ ಮುನ್ನ ತಿಳಿದಿರಬೇಕಾದ ಒಂದು ಸಂಗತಿ

ಹಸುವಿನ ಹಾಲು ಬಹುಮಟ್ಟಿಗೆ ಆ ಹಸುವಿನ ವಂಶಗುಣ ಮತ್ತು ಅದರ ಮೇವಿನ ಫಲ. ಪಕ್ಕದ ಹಸು ಯಾವುದು ಎಂಬುದರಿಂದ ಹೆಚ್ಚೇನೂ ವ್ಯತ್ಯಾಸವಾಗುವುದಿಲ್ಲ. ಕೋಳಿಯ ಆಯಸ್ಸು ಹಾಗಲ್ಲ. ಒಂದು ಹೇಂಟೆ ವರ್ಷಪೂರ್ತಿ ಬದುಕುತ್ತದೆಯೇ ಎಂಬುದನ್ನು ಅದರ ಸ್ವಂತ ವಂಶವಾಹಿಗಳ ಜೊತೆಗೆ ಅದೇ ಗೂಡಿನಲ್ಲಿರುವ ಉಳಿದ ಹೇಂಟೆಗಳ ವಂಶವಾಹಿಗಳೂ ನಿರ್ಧರಿಸುತ್ತವೆ. ತಳಿಶಾಸ್ತ್ರಜ್ಞರು ಮೊದಲನೆಯದನ್ನು ನೇರ ಪರಿಣಾಮ ಎನ್ನುತ್ತಾರೆ: ಕುಕ್ಕಿಸಿಕೊಳ್ಳದೆ ತಪ್ಪಿಸಿಕೊಳ್ಳುವ, ಗಾಯವನ್ನು ತಾಳಿಕೊಳ್ಳುವ ಗುಣ. ಎರಡನೆಯದು ಸಾಮಾಜಿಕ ಪರಿಣಾಮ: ತನ್ನ ಜೊತೆಗಾರರ ಆಯಸ್ಸನ್ನು ಹೆಚ್ಚಿಸುವ ಅಥವಾ ಕಡಿಮೆ ಮಾಡುವ ಗುಣ. ಎರಡೂ ತಾಯಿತಂದೆಯಿಂದ ಮರಿಗೆ ಹೋಗುತ್ತವೆ.

ಈ ಎರಡನೆಯದನ್ನು ಲೆಕ್ಕಕ್ಕೆ ಹಿಡಿಯದೆ ತಳಿ ಆರಿಸುವುದೇ ನಮ್ಮಲ್ಲಿ ಅನೇಕರು ಮಾಡುವ ತಪ್ಪು. ಇಂಥ ಗುಣಗಳಿಗೆ ಗುಂಪನ್ನು ನೋಡಿ ಆರಿಸಬೇಕು ಎಂಬ ಗಣಿತವನ್ನು ಗ್ರಿಫಿಂಗ್ ಎಂಬ ತಳಿವಿಜ್ಞಾನಿ 1967ರಲ್ಲೇ ಮಂಡಿಸಿದ್ದರು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿಲಿಯಂ ಮ್ಯೂರ್ ಅದನ್ನು ಕೋಳಿಗಳ ಮೇಲೆ ಮಾಡಿ ತೋರಿಸಿದರು. ಅಕ್ಕತಂಗಿಯರಾದ ಹೇಂಟೆಗಳನ್ನು ಒಂದೇ ಪಂಜರದಲ್ಲಿಟ್ಟು, ಕೊಕ್ಕು ಕತ್ತರಿಸದೆ, ಬಿಡಿ ಹೇಂಟೆಯ ಬದಲು ಇಡೀ ಪಂಜರವನ್ನು ನೋಡಿ ಮುಂದಿನ ಪೀಳಿಗೆಯನ್ನು ಆರಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಎರಡನೆಯ ಪೀಳಿಗೆಯಲ್ಲಿ ವರ್ಷಕ್ಕೆ ಶೇ. 68ರಷ್ಟಿದ್ದ ಸಾವು ನಾಲ್ಕನೆಯ ಪೀಳಿಗೆಯ ವೇಳೆಗೆ ಶೇ. 8.8ಕ್ಕೆ ಇಳಿಯಿತು. ಆಯ್ಕೆಗೆ ಒಳಪಡಿಸದ ಮೂಲ ತಳಿಯ ಹೇಂಟೆಗಳನ್ನು ಒಂಟಿ ಪಂಜರದಲ್ಲಿಟ್ಟಾಗಲೂ ಸಾವು ಶೇ. 9.1 ಇತ್ತು. ಅಂದರೆ ಜೊತೆಗಾರರಿಂದಾಗುತ್ತಿದ್ದ ಸಾವು ಹೆಚ್ಚುಕಡಿಮೆ ಮಾಯವಾಗಿತ್ತು. ಗೂಡಿಗೆ ಬಿಟ್ಟ ಪ್ರತಿ ಹೇಂಟೆಗೆ ಸಿಕ್ಕ ವಾರ್ಷಿಕ ಮೊಟ್ಟೆ 91ರಿಂದ 237ಕ್ಕೆ ಏರಿತು. ಅದಕ್ಕೆ ಮುಖ್ಯ ಕಾರಣ ಹೇಂಟೆಗಳು ಬದುಕಿ ಉಳಿದದ್ದು. ಮುಂದೆ 2007ರಲ್ಲಿ ಪೀಟರ್ ಬೈಮಾ ಮತ್ತು ಸಂಗಡಿಗರು ಮೊಟ್ಟೆಕೋಳಿಗಳ ದಾಖಲೆ ವಿಶ್ಲೇಷಿಸಿದಾಗ, ಆಯಸ್ಸಿನ ಅನುವಂಶಿಕ ವ್ಯತ್ಯಾಸದಲ್ಲಿ ಸುಮಾರು ಮೂರನೇ ಎರಡು ಭಾಗ ಬಿಡಿ ಕೋಳಿಯನ್ನಷ್ಟೇ ನೋಡುವ ಹಳೆಯ ಲೆಕ್ಕಕ್ಕೆ ಕಾಣಿಸುವುದೇ ಇಲ್ಲ ಎಂದು ತಿಳಿಯಿತು.

ನಾಲ್ಕು ಪೀಳಿಗೆಯ ಆ ಕೆಲಸವನ್ನು ಸಣ್ಣ ಪ್ರಮಾಣದಲ್ಲಿ ಯಾರಾದರೂ ಮಾಡಬಹುದು. ಅಷ್ಟು ವೇಗದ ಫಲ ನಿರೀಕ್ಷಿಸಬೇಡಿ, ದಿಕ್ಕು ಮಾತ್ರ ಅದೇ.

ಬೇಕಾಗುವುದು

ಬಣ್ಣ ಮತ್ತು ಸಂಖ್ಯೆ ಇರುವ ಕಾಲುಂಗುರಗಳು, ಗಟ್ಟಿ ರಟ್ಟಿನ ಒಂದು ದಾಖಲೆ ಪುಸ್ತಕ, ತೂಕದ ಯಂತ್ರ, ಗಾಯಗೊಂಡವನ್ನು ಬೇರೆ ಇಡಲು ಒಂದು ಖಾಲಿ ಗೂಡು, ಒಂದೇ ಅಳತೆಯ ಹಲವು ಸಣ್ಣ ಅಂಕಣಗಳು. ತಳಿಯ ಕೆಲಸಕ್ಕೆ ಕನಿಷ್ಠ ಆರು ಹುಂಜಗಳು ಮತ್ತು ಪ್ರತಿಯೊಂದಕ್ಕೆ ಆರೆಂಟು ಹೇಂಟೆಗಳು ಇರಲಿ. ಇದಕ್ಕಿಂತ ಕಡಿಮೆಯಾದರೆ ಕುಟುಂಬಗಳ ನಡುವಿನ ವ್ಯತ್ಯಾಸವನ್ನೂ ಅದೃಷ್ಟವನ್ನೂ ಬೇರೆ ಮಾಡಿ ನೋಡಲಾಗುವುದಿಲ್ಲ.

ಹಂತ 1: ಯಾವ ಕುಕ್ಕು ಎಂದು ಗುರುತಿಸಿ

ಕುಕ್ಕುವುದೆಲ್ಲ ಜಗಳವಲ್ಲ. ಅರ್ಧ ಗಂಟೆ ಗೂಡಿನ ಮುಂದೆ ಅಲುಗಾಡದೆ ಕುಳಿತು ನೋಡಿ.

ತಲೆ ಮತ್ತು ಜುಟ್ಟಿನ ಮೇಲೆ ಬೀಳುವ ಒಂದೆರಡು ಬಿರುಸಿನ ಏಟು ಯಜಮಾನಿಕೆಯ ಕುಕ್ಕು. ಕೋಳಿಗಳಲ್ಲಿ ಯಾರು ಮೇಲು, ಯಾರು ಕೆಳಗೆ ಎಂಬ ಶ್ರೇಣಿ ಇದೆ ಎಂದು 1920ರ ದಶಕದ ಆರಂಭದಲ್ಲಿ ವಿವರಿಸಿದವರು ನಾರ್ವೆಯ ಥೋರ್‌ಲೈಫ್ ಷೆಲ್ಡೆರುಪ್-ಎಬ್ಬೆ. ಶ್ರೇಣಿ ನಿಂತ ಮೇಲೆ ಈ ಜಗಳ ತಾನಾಗಿ ತಣ್ಣಗಾಗುತ್ತದೆ. ಅದಕ್ಕೆ ಹೆದರಬೇಕಾಗಿಲ್ಲ.

ಬೆನ್ನು, ಬಾಲದ ಬುಡ, ಹೊಟ್ಟೆಯ ಪುಕ್ಕಗಳನ್ನು ಹಿಡಿದು ಎಳೆಯುವುದು, ಕಿತ್ತು ತಿನ್ನುವುದು ಪುಕ್ಕ ಕೀಳುವ ಚಟ. ಇದರಲ್ಲಿ ಸಿಟ್ಟಿಲ್ಲ. ಕೆದಕಿ ಮೇವು ಹುಡುಕುವ ಸಹಜ ಗುಣ ನೆಲದ ಬದಲು ಜೊತೆಗಾರ್ತಿಯ ಮೈಮೇಲೆ ತಿರುಗಿದೆ ಎಂದು ತಿಳಿಯಿರಿ. ಬರಿದಾದ ಚರ್ಮದಲ್ಲಿ ರಕ್ತ ಕಂಡರೆ ಉಳಿದವೂ ಸೇರಿಕೊಳ್ಳುತ್ತವೆ, ಸಾವು ಬರುವುದು ಹೀಗೆ.

ಮೂರನೆಯದು ಮಲದ್ವಾರದ ಕುಕ್ಕು. ಮೊಟ್ಟೆ ಇಟ್ಟ ಕೂಡಲೇ ಅಲ್ಲಿನ ಕೆಂಪು ಒಳಪೊರೆ ಕ್ಷಣಕಾಲ ಹೊರಗೆ ಕಾಣುತ್ತದೆ. ಮೊಟ್ಟೆಯಿಡುವ ಜಾಗ ಬೆಳಕಾಗಿದ್ದರೆ ಪಕ್ಕದ ಹೇಂಟೆ ಅದನ್ನು ಕುಕ್ಕುತ್ತದೆ. ಮೊಟ್ಟೆಗೆ ಬರುವ ವಯಸ್ಸಿನಲ್ಲಿ ಇದು ಹೆಚ್ಚು.

ಎಚ್ಚರಿಕೆ: ಯಜಮಾನಿಕೆ ಮಾಡುವ ಹೇಂಟೆಯನ್ನು ಪುಕ್ಕ ಕೀಳುವ ಹೇಂಟೆ ಎಂದು ತಿಳಿದು ತೆಗೆಯಬೇಡಿ. ಅದನ್ನು ತೆಗೆದರೆ ಶ್ರೇಣಿ ಕದಡುತ್ತದೆ, ಪುಕ್ಕ ಕೀಳುವವಳು ಗೂಡಿನಲ್ಲೇ ಉಳಿಯುತ್ತಾಳೆ.

ಹಂತ 2: ಸಾಕಣೆಯ ಕಾರಣಗಳನ್ನು ಮೊದಲು ತೆಗೆದುಹಾಕಿ

ಮೇವು ಕೊರೆಯಾದ, ಹೇನು ಮುತ್ತಿದ ಗೂಡಿನಲ್ಲಿ ಒಳ್ಳೆಯ ವಂಶದ ಕೋಳಿಯೂ ಕುಕ್ಕುತ್ತದೆ. ಆದ್ದರಿಂದ ವಂಶದ ಮೇಲೆ ಆರೋಪ ಹೊರಿಸುವ ಮೊದಲು ಇವನ್ನು ಪರೀಕ್ಷಿಸಿ.

ಮೊಟ್ಟೆಯಿಡುವ ಹೇಂಟೆಯ ಮೇವಿನಲ್ಲಿ ಪ್ರೋಟೀನ್ ಶೇ. 16ರಿಂದ 18 ಇರಬೇಕು. ಮೆಥಿಯೊನಿನ್ ಎಂಬ ಅಮೈನೋ ಆಮ್ಲ, ಅಂದರೆ ಪ್ರೋಟೀನಿನ ಒಂದು ಘಟಕ, ಮತ್ತು ಉಪ್ಪು ಕೊರೆಯಾದರೆ ಪುಕ್ಕದ ಮೇಲೆ ಕಣ್ಣು ಬೀಳುತ್ತದೆ. ನಾರಿನಂಶವೂ ಮುಖ್ಯ. ಒರಟು ನಾರಿರುವ ಮೇವು ಕೊಟ್ಟಲ್ಲಿ ಪುಕ್ಕ ಕೀಳುವುದು ಕಡಿಮೆಯಾಗುತ್ತದೆ. ಗುಳಿಗೆ ಮೇವು ಬೇಗ ತಿಂದು ಮುಗಿಯುವುದರಿಂದ ಕೋಳಿಗೆ ದಿನವೆಲ್ಲ ಕೆಲಸವಿಲ್ಲದಂತಾಗುತ್ತದೆ. ಪುಡಿ ಮೇವಿನಲ್ಲಿ ಆ ತೊಂದರೆ ಕಡಿಮೆ.

ಜಾಗಕ್ಕೆ ಒಂದು ಅಳತೆ ಬೇಕಿದ್ದರೆ ಯುರೋಪಿಯನ್ ಒಕ್ಕೂಟದ 1999ರ ನಿರ್ದೇಶನವನ್ನು ನೋಡಬಹುದು. ಪಂಜರವಿಲ್ಲದ ಸಾಕಣೆಯಲ್ಲಿ ಬಳಸಬಹುದಾದ ಒಂದು ಚದರ ಮೀಟರ್ ಜಾಗಕ್ಕೆ 9 ಹೇಂಟೆಗಳಿಗಿಂತ ಹೆಚ್ಚಿಲ್ಲ, ಉದ್ದನೆಯ ಮೇವಿನ ತೊಟ್ಟಿಯಲ್ಲಿ ತಲಾ 10 ಸೆಂಟಿಮೀಟರ್, ಕೂರುವ ಗಳದಲ್ಲಿ ತಲಾ 15 ಸೆಂಟಿಮೀಟರ್, 7 ಹೇಂಟೆಗಳಿಗೆ ಒಂದು ಮೊಟ್ಟೆಗೂಡು. ಇವು ಕನಿಷ್ಠ ಅಳತೆಗಳು, ಇನ್ನೂ ಸಡಿಲವಾಗಿದ್ದರೆ ಒಳ್ಳೆಯದು. ಕೆದಕಲು ಒಣಗಿದ ಸಡಿಲ ನೆಲಹಾಸು, ಧೂಳಿನಲ್ಲಿ ಹೊರಳಲು ಒಂದು ಮೂಲೆ ಇರಲಿ. ಮರಿಗಳಿಗೆ ಮೊದಲ ದಿನದಿಂದಲೇ ನೆಲಹಾಸು ಕೊಡಿ. ಕೆದಕುವ ಅಭ್ಯಾಸ ನೆಲದಲ್ಲಿ ಬೇರೂರಬೇಕಾದದ್ದು ಆ ವಯಸ್ಸಿನಲ್ಲೇ. ತಾಯಿಕೋಳಿಯ ರೆಕ್ಕೆಯಡಿ ಬೆಳೆದ ಮರಿಗಳು ದೊಡ್ಡವಾದ ಮೇಲೆ ಪುಕ್ಕ ಕೀಳುವುದು ಕಡಿಮೆ. ಕಾವು ದೀಪದಡಿ ಬೆಳೆಸುವುದಾದರೆ ಮರಿಗಳು ಮಲಗಲು ಒಂದು ಕತ್ತಲೆಯ ಬೆಚ್ಚನೆಯ ಮರೆ ಮಾಡಿಕೊಡಿ. ಮಲಗಿದ ಮರಿಗಳನ್ನು ಎಚ್ಚರದಲ್ಲಿರುವ ಮರಿಗಳು ಕುಕ್ಕುವುದು ಆಗ ತಪ್ಪುತ್ತದೆ.

ರಾತ್ರಿ ಟಾರ್ಚ್ ಹಿಡಿದು ಗಳದ ಸಂದುಗಳಲ್ಲಿ ಕೆಂಪು ನುಸಿಯನ್ನು, ಹಗಲಿನಲ್ಲಿ ಪುಕ್ಕದ ಬುಡದಲ್ಲಿ ಹೇನನ್ನು ಹುಡುಕಿ. ಮೊಟ್ಟೆಗೂಡು ಮಬ್ಬಾಗಿರಲಿ. ಯಾಟೆಗಳು, ಅಂದರೆ ಇನ್ನೂ ಮೊಟ್ಟೆಗೆ ಬಾರದ ಎಳೆಯ ಹೇಂಟೆಗಳು, ತೂಕ ತುಂಬುವ ಮೊದಲೇ ಬೆಳಕಿನ ಅವಧಿ ಹೆಚ್ಚಿಸಬೇಡಿ. ಮೈ ಬಲಿಯದೆ ಮೊಟ್ಟೆ ಶುರುವಾದರೆ ಮೊಟ್ಟೆನಾಳ ಹೊರಜಾರುತ್ತದೆ, ಅಲ್ಲಿಗೆ ಕುಕ್ಕು ಬೀಳುತ್ತದೆ.

ಇಷ್ಟು ಸರಿಪಡಿಸಿ ಎರಡು ತಿಂಗಳು ಕಾಯಿರಿ. ಅನೇಕರ ತೊಂದರೆ ಇಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಮುಂದೆ ಓದಿ.

ಹಂತ 3: ಹುಂಜದ ಹೆಸರಿನಲ್ಲಿ ಕುಟುಂಬ ಕಟ್ಟಿ

ಪ್ರತಿ ಹುಂಜವನ್ನು ಅದರ ಆರೆಂಟು ಹೇಂಟೆಗಳ ಜೊತೆ ಪ್ರತ್ಯೇಕ ಅಂಕಣದಲ್ಲಿಡಿ. ಎಂಟು ಹೇಂಟೆಗಳಿಂದ ಒಂದು ವಾರದಲ್ಲಿ 35ರಿಂದ 40 ಮೊಟ್ಟೆ ಸಿಕ್ಕರೆ, ಅವುಗಳಲ್ಲಿ ಮುಕ್ಕಾಲು ಭಾಗ ಒಡೆದು ಮರಿಯಾದರೆ, ಅರ್ಧ ಹೆಣ್ಣಾದರೆ, ಸುಮಾರು 14 ಯಾಟೆಗಳು ಉಳಿಯುತ್ತವೆ. ಒಂದೇ ತಂದೆಯ ಈ ಹೆಣ್ಣುಮರಿಗಳೇ ಒಂದು ಕುಟುಂಬ. ಒಂದೇ ತಾಯಿಯ ಮರಿಗಳಿಂದ ಕುಟುಂಬ ಮಾಡಿದರೆ ಇನ್ನೂ ಸ್ಪಷ್ಟ ಫಲ ಸಿಗುತ್ತದೆ, ಆದರೆ ಒಂದು ಹೇಂಟೆಯಿಂದ ಒಂದೇ ವಯಸ್ಸಿನ ಅಷ್ಟು ಹೆಣ್ಣುಮರಿ ಪಡೆಯುವುದು ಆಗದ ಮಾತು. ಎಲ್ಲ ಕುಟುಂಬಗಳ ಮೊಟ್ಟೆಗಳನ್ನೂ ಒಂದೇ ದಿನ ಕಾವಿಗಿಡಿ. 21ನೆಯ ದಿನ ಮರಿ ಒಡೆದಾಗ ಕುಟುಂಬವಾರು ಬುಟ್ಟಿಯಲ್ಲಿ ಹಿಡಿದು, ಅಂದೇ ಗುರುತು ಹಾಕಿ. ನಾಳೆ ಹಾಕೋಣ ಎಂದವರ ಮರಿಗಳು ಬೆರೆತುಹೋಗುತ್ತವೆ. ಮರಿಗೆ ಹಾಕಿದ ಉಂಗುರವನ್ನು ಕಾಲು ಬೆಳೆದಂತೆ ಬದಲಿಸುತ್ತಾ ಹೋಗಬೇಕು, ಇಲ್ಲದಿದ್ದರೆ ಅದು ಮಾಂಸದೊಳಗೆ ಇಳಿಯುತ್ತದೆ.

ಎಚ್ಚರಿಕೆ: ಹೇಂಟೆಯ ದೇಹದಲ್ಲಿ ಹಿಂದಿನ ಹುಂಜದ ವೀರ್ಯ ಎರಡು ಮೂರು ವಾರ ಜೀವಂತವಾಗಿ ಉಳಿಯುತ್ತದೆ. ಹುಂಜ ಬದಲಿಸಿದ ಮೇಲೆ ನಾಲ್ಕು ವಾರ ಕಳೆಯುವವರೆಗೆ ಆ ಮೊಟ್ಟೆಗಳನ್ನು ಕುಟುಂಬದ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಈ ಒಂದು ಅವಸರದಿಂದ ಇಡೀ ವರ್ಷದ ಲೆಕ್ಕ ಸುಳ್ಳಾಗುತ್ತದೆ.

ಹಂತ 4: ಅಕ್ಕತಂಗಿಯರನ್ನು ಒಟ್ಟಿಗೇ ಇಡಿ

ಇಡೀ ವಿಧಾನ ನಿಂತಿರುವುದು ಈ ಹಂತದ ಮೇಲೆ, ಆದ್ದರಿಂದ ನಿಧಾನವಾಗಿ ಓದಿ.

ಒಂದು ಕುಟುಂಬದ 14 ಯಾಟೆಗಳನ್ನು ಏಳೇಳರಂತೆ ಎರಡು ಅಂಕಣಗಳಲ್ಲಿಡಿ. ಬೇರೆ ಕುಟುಂಬದ ಒಂದನ್ನೂ ಸೇರಿಸಬೇಡಿ. ಕಾರಣ ಹೀಗಿದೆ. ಎಲ್ಲ ಕುಟುಂಬಗಳನ್ನೂ ಬೆರೆಸಿ ಇಟ್ಟರೆ ಕುಕ್ಕುವ ಗುಣವಿರುವ ಕುಟುಂಬದ ಹೇಂಟೆಗಳು ಬೇರೆ ಕುಟುಂಬದವುಗಳನ್ನು ಸಾಯಿಸಿ ತಾವು ಬದುಕುತ್ತವೆ. ನಿಮ್ಮ ಪುಸ್ತಕದಲ್ಲಿ ಆ ಕುಟುಂಬದ ಆಯಸ್ಸು ಚೆನ್ನಾಗಿ ಕಾಣುತ್ತದೆ, ನೀವು ಅದನ್ನೇ ಆರಿಸುತ್ತೀರಿ, ಮುಂದಿನ ವರ್ಷ ಸಾವು ಇನ್ನೂ ಹೆಚ್ಚುತ್ತದೆ. ಅಕ್ಕತಂಗಿಯರನ್ನೇ ಒಟ್ಟಿಗಿಟ್ಟರೆ ಕುಕ್ಕುವ ಕುಟುಂಬಕ್ಕೆ ತನ್ನ ಗುಣದ ಪೆಟ್ಟು ತನಗೇ ತಗಲುತ್ತದೆ, ಅದು ಪುಸ್ತಕದಲ್ಲಿ ಕಾಣುತ್ತದೆ.

ಲೆಕ್ಕಕ್ಕೆಂದು ಕಲ್ಪಿಸಿಕೊಂಡ ಒಂದು ಉದಾಹರಣೆ. ಏಳು ಹೇಂಟೆಗಳ ಅಂಕಣದಲ್ಲಿ ಪ್ರತಿಯೊಂದಕ್ಕೂ ಆರು ಜೊತೆಗಾರರು. 'ಕ' ಕುಟುಂಬದ ಹೇಂಟೆ ತಾನು ಸರಾಸರಿಗಿಂತ 10 ದಿನ ಹೆಚ್ಚು ಬದುಕುತ್ತದೆ, ಆದರೆ ಪ್ರತಿ ಜೊತೆಗಾರ್ತಿಯ ಆಯಸ್ಸಿನಿಂದ 4 ದಿನ ಕಳೆಯುತ್ತದೆ. ಆರು ಜೊತೆಗಾರರಿಗೆ 24 ದಿನ ನಷ್ಟ, ಒಟ್ಟಿನಲ್ಲಿ ಗುಂಪಿಗೆ 14 ದಿನ ನಷ್ಟ. 'ಚ' ಕುಟುಂಬದ ಹೇಂಟೆ ತಾನು 5 ದಿನ ಕಡಿಮೆ ಬದುಕುತ್ತದೆ, ಆದರೆ ಪ್ರತಿ ಜೊತೆಗಾರ್ತಿಗೆ 3 ದಿನ ಕೂಡಿಸುತ್ತದೆ. ಆರಕ್ಕೆ 18 ದಿನ ಲಾಭ, ಒಟ್ಟು 13 ದಿನ ಲಾಭ. ಬಿಡಿಬಿಡಿಯಾಗಿ ನೋಡಿದರೆ 'ಕ' ಗೆಲ್ಲುತ್ತದೆ, ಗುಂಪಿನಲ್ಲಿ ನೋಡಿದರೆ 'ಚ'. ಗುಂಪು ದೊಡ್ಡದಾದಷ್ಟೂ ಸಾಮಾಜಿಕ ಪರಿಣಾಮದ ತೂಕ ಹೆಚ್ಚುತ್ತದೆ, ಏಕೆಂದರೆ ಅದು ಜೊತೆಗಾರರ ಸಂಖ್ಯೆಯಿಂದ ಗುಣಿಸಲ್ಪಡುತ್ತದೆ.

ಒಂದು ಕುಟುಂಬದ ಎರಡು ಅಂಕಣಗಳು ಅಕ್ಕಪಕ್ಕ ಇರಬಾರದು. ಒಂದು ಕಿಟಕಿಯ ಬಳಿ ಇದ್ದರೆ ಇನ್ನೊಂದು ಒಳಮೂಲೆಯಲ್ಲಿರಲಿ. ಇಲ್ಲವಾದರೆ ಬಿಸಿಲಿನ ದೋಷವನ್ನು ವಂಶದ ದೋಷ ಎಂದು ಓದುತ್ತೀರಿ.

ಬಣ್ಣದ ಬಗ್ಗೆಯೂ ಒಂದು ಮಾತು. ಕೆಂಪು ಕಾಡುಕೋಳಿ ಮತ್ತು ವೈಟ್ ಲೆಗ್‌ಹಾರ್ನ್ ಕೂಡಿಸಿದ ಪೀಳಿಗೆಯ ಮೇಲೆ 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪುಕ್ಕದ ಬಣ್ಣವನ್ನು ನಿರ್ಧರಿಸುವ ಒಂದು ವಂಶವಾಹಿಯ ಕಾಡುರೂಪವನ್ನು ತಾಯಿತಂದೆ ಇಬ್ಬರಿಂದಲೂ ಪಡೆದ ಬಣ್ಣದ ಕೋಳಿಗಳೇ ಹೆಚ್ಚು ಪುಕ್ಕ ಕಳೆದುಕೊಂಡವು. ಕುಕ್ಕುವುದು ಮಾತ್ರವಲ್ಲ, ಕುಕ್ಕಿಸಿಕೊಳ್ಳುವುದೂ ವಂಶದಲ್ಲಿದೆ. ಬಿಳಿ ಮತ್ತು ಬಣ್ಣದ ಕುಟುಂಬಗಳನ್ನು ಹೋಲಿಸುವಾಗ ಇದು ನೆನಪಿರಲಿ.

ಹಂತ 5: ದಾಖಲಿಸಿ, ಆದರೆ ಸಾಯುವವರೆಗೆ ಕಾಯಬೇಡಿ

ಆಯಸ್ಸಿನ ಲೆಕ್ಕ ಬೇಕು ಎಂದು ಗಾಯಗೊಂಡ ಹೇಂಟೆಯನ್ನು ಗೂಡಿನಲ್ಲೇ ಬಿಟ್ಟು ನೋಡುವುದು ಕ್ರೌರ್ಯ. ಅದರ ಅಗತ್ಯವೂ ಇಲ್ಲ. ಚರ್ಮ ಹರಿದು ರಕ್ತ ಕಂಡ ದಿನವೇ ಅದನ್ನು ತೆಗೆದು ಚಿಕಿತ್ಸೆ ಕೊಡಿ, ಪುಸ್ತಕದಲ್ಲಿ ಆ ದಿನವನ್ನೇ ಅದರ ಕೊನೆಯ ದಿನ ಎಂದು ಬರೆಯಿರಿ. ವಾಸಿಯಾದರೂ ಅದು ಆ ಅಂಕಣಕ್ಕೆ ಮರಳುವುದು ಬೇಡ. ಲೆಕ್ಕಕ್ಕೆ ಬೇಕಾದ ಮಾಹಿತಿ ಸಿಕ್ಕಿತು, ಒಂದು ಜೀವವೂ ಉಳಿಯಿತು.

ದಿನಾಂಕ, ಉಂಗುರದ ಸಂಖ್ಯೆ, ಅಂಕಣ, ಗಾಯ ಎಲ್ಲಿದೆ, ಕಾರಣ ಏನು ಎಂಬ ಐದು ಕಲಮುಗಳು ಸಾಕು. ತಿಂಗಳಿಗೊಮ್ಮೆ ಪ್ರತಿ ಹೇಂಟೆಯ ಬೆನ್ನಿನ ಪುಕ್ಕಕ್ಕೆ 1ರಿಂದ 4ರವರೆಗೆ ಅಂಕ ಕೊಡಿ: 4 ಎಂದರೆ ಪೂರ್ಣ ಪುಕ್ಕ, 1 ಎಂದರೆ ಬೋಳು. ಸಾವು ಕಡಿಮೆಯಿರುವ ವರ್ಷದಲ್ಲಿ ಕುಟುಂಬಗಳನ್ನು ಬೇರ್ಪಡಿಸಿ ತೋರಿಸುವುದು ಈ ಅಂಕವೇ.

ಹಾವು, ನಾಯಿ, ಕಾಡುಬೆಕ್ಕು ಹೊತ್ತೊಯ್ದದ್ದನ್ನು ಬೇರೆ ಬರೆಯಿರಿ. ರೋಗದ ಸಾವನ್ನೂ ಬೇರೆ ಬರೆಯಿರಿ, ಆದರೆ ಮರೆಯಬೇಡಿ. ಅಲ್ಲೂ ವಂಶ ಮತ್ತು ಜೊತೆ ಎರಡೂ ಕೆಲಸ ಮಾಡುತ್ತವೆ. ಉದಾಹರಣೆಗೆ ಮಾರೆಕ್ಸ್ ರೋಗದ ವೈರಸ್ ಪುಕ್ಕದ ಬುಡದಿಂದ ಉದುರುವ ಹೊಟ್ಟಿನ ಮೂಲಕ ಹರಡುತ್ತದೆ, ಅದನ್ನು ತಡೆದುಕೊಳ್ಳುವ ಶಕ್ತಿ ಕೆಲವು ವಂಶಗಳಿಗೆ ಹೆಚ್ಚು.

ಎಚ್ಚರಿಕೆ: ಕೊಕ್ಕಿನ ತುದಿ ಕತ್ತರಿಸಿದ ಹಿಂಡಿನಲ್ಲಿ ಈ ಹೋಲಿಕೆ ನಡೆಯುವುದಿಲ್ಲ. ಕತ್ತರಿಸಿದ ಕೊಕ್ಕು ಗಾಯವನ್ನು ತಗ್ಗಿಸುತ್ತದೆ, ಕುಕ್ಕುವ ಗುಣ ಹಾಗೆಯೇ ಮರಿಗಳಿಗೆ ಹೋಗುತ್ತದೆ. ಹುಡುಕಬೇಕಾದ ವ್ಯತ್ಯಾಸವನ್ನೇ ಅದು ಮುಚ್ಚಿಬಿಡುತ್ತದೆ.

ಹಂತ 6: ಕುಟುಂಬದ ಸರಾಸರಿ ತೆಗೆಯಿರಿ

ಮೊಟ್ಟೆಗೆ ಬರುವ ಹೊತ್ತಿನಿಂದ, ಅಂದರೆ ಸುಮಾರು 18ನೆಯ ವಾರದಿಂದ, ಎಣಿಕೆ ಶುರುಮಾಡಿ. ಒಂದು ವರ್ಷ ಆದರೆ ಒಳ್ಳೆಯದು, ಅವಸರವಿದ್ದರೆ ಆರು ತಿಂಗಳಾದರೂ ಇರಲಿ. ಬದುಕುಳಿದವಕ್ಕೆ ಪೂರ್ತಿ ಅವಧಿಯ ದಿನಗಳು, ತೆಗೆದ ಅಥವಾ ಸತ್ತವಕ್ಕೆ ಆ ದಿನದವರೆಗಿನ ದಿನಗಳು. ಎರಡೂ ಅಂಕಣಗಳ 14 ಹೇಂಟೆಗಳ ದಿನಗಳನ್ನು ಕೂಡಿಸಿ 14ರಿಂದ ಭಾಗಿಸಿ. ಜೊತೆಗೆ ಅಂಕಣದ ಒಟ್ಟು ಮೊಟ್ಟೆಯನ್ನೂ ಶುರುವಿನ ಏಳರಿಂದಲೇ ಭಾಗಿಸಿ, ಉಳಿದವುಗಳ ಸಂಖ್ಯೆಯಿಂದಲ್ಲ. ಉಳಿದವುಗಳಿಂದ ಭಾಗಿಸಿದರೆ ಜೊತೆಗಾರರನ್ನು ಕೊಂದ ಅಂಕಣವೂ ಉತ್ತಮವಾಗಿಯೇ ಕಾಣುತ್ತದೆ.

ಒಂದು ಕುಟುಂಬದ ಒಂದು ಅಂಕಣ ಚೆನ್ನಾಗಿದ್ದು ಇನ್ನೊಂದು ಕೆಟ್ಟಿದ್ದರೆ ಆತುರದ ತೀರ್ಮಾನ ಬೇಡ. ಎರಡೂ ಒಂದೇ ದಿಕ್ಕಿನಲ್ಲಿದ್ದಾಗ ಮಾತ್ರ ವಂಶದ ಮಾತು ಎನ್ನಬಹುದು.

ಹಂತ 7: ಮುಂದಿನ ಪೀಳಿಗೆ ಆರಿಸಿ

ಅತಿ ಹೆಚ್ಚು ಮೊಟ್ಟೆಯಿಟ್ಟ ಒಂದು ಹೇಂಟೆಯನ್ನು ಕೆಟ್ಟ ಅಂಕಣದಿಂದ ಎತ್ತಿ ಉಳಿಸಿಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ಬಿಟ್ಟುಬಿಡಿ. ಆ ಹೇಂಟೆ ಚೆನ್ನಾಗಿ ತಿಂದದ್ದು ಉಳಿದವುಗಳನ್ನು ತೊಟ್ಟಿಯಿಂದ ಓಡಿಸಿಯೇ ಇರಬಹುದು. ಆರು ಕುಟುಂಬಗಳಲ್ಲಿ ಮೇಲಿನ ನಾಲ್ಕನ್ನು ಉಳಿಸಿಕೊಳ್ಳಿ. ಆ ಕುಟುಂಬಗಳೊಳಗೆ ಆರೋಗ್ಯವಂತ ಹೇಂಟೆಗಳನ್ನು ತೆಗೆದುಕೊಳ್ಳಿ.

ಹುಂಜದ ಬಗ್ಗೆ ಬಹಳ ಮಂದಿ ತಪ್ಪುತ್ತಾರೆ. ಹುಂಜವನ್ನು ಹೇಂಟೆಗಳ ಅಂಕಣದಲ್ಲಿ ಪರೀಕ್ಷಿಸುವಂತಿಲ್ಲ, ಆದರೆ ಅದೂ ಅದೇ ಗುಣವನ್ನು ಹೊತ್ತಿರುತ್ತದೆ. ಆದ್ದರಿಂದ ಅಕ್ಕತಂಗಿಯರ ಸರಾಸರಿ ನೋಡಿ ಅಣ್ಣತಮ್ಮಂದಿರನ್ನು ಆರಿಸಿ. ಹುಂಜದ ಮೈಕಟ್ಟು, ಜುಟ್ಟು ಎಷ್ಟೇ ಚಂದವಿರಲಿ, ಅಕ್ಕತಂಗಿಯರು ಕುಕ್ಕಾಡಿ ಸತ್ತಿದ್ದರೆ ಅದು ಬೇಡ.

ಒಳಸಂಬಂಧ ತಪ್ಪಿಸಲು ಸುತ್ತುಕ್ರಮ ಇಟ್ಟುಕೊಳ್ಳಿ: ಒಂದನೆಯ ಕುಟುಂಬದ ಹುಂಜ ಎರಡನೆಯದರ ಹೇಂಟೆಗಳಿಗೆ, ಎರಡನೆಯದರ ಹುಂಜ ಮೂರನೆಯದಕ್ಕೆ, ಹೀಗೆ ನಾಲ್ಕನೆಯದು ಮರಳಿ ಒಂದನೆಯದಕ್ಕೆ. ಎರಡು ಜಾಗಗಳು ಖಾಲಿಯಾದವಲ್ಲ, ಅಲ್ಲಿಗೆ ಹೊರಗಿನಿಂದ ಹೊಸ ರಕ್ತ ತಂದು ಅದನ್ನೂ ಇದೇ ಪರೀಕ್ಷೆಗೆ ಒಡ್ಡಿ. ರಕ್ತಸಂಬಂಧ ಹತ್ತಿರವಾದಷ್ಟೂ ಮರಿಯೊಡೆಯುವ ಪ್ರಮಾಣವೂ ಬದುಕುವ ಶಕ್ತಿಯೂ ಕುಗ್ಗುತ್ತವೆ, ಆಗ ಗಳಿಸಿದ್ದೆಲ್ಲ ಕೈಬಿಟ್ಟುಹೋಗುತ್ತದೆ.

ಹಂತ 8: ಹೊಸ ಕೋಳಿ ಸೇರಿಸುವಾಗ, ಕುಕ್ಕಾಟ ಎದ್ದಾಗ

ಹೊಸ ಹೇಂಟೆಯನ್ನು ಒಂಟಿಯಾಗಿ ಬಿಡಬೇಡಿ. ಮೊದಲು ರೋಗ ತಪಾಸಣೆಗೆ ಎರಡು ಮೂರು ವಾರ ದೂರವಿಡಿ, ಬಳಿಕ ಒಂದು ವಾರ ಜಾಲರಿಯ ಆಚೆ ಇಟ್ಟು ಪರಸ್ಪರ ಕಾಣುವಂತೆ ಮಾಡಿ, ಆಮೇಲೆ ಮೂರು ನಾಲ್ಕನ್ನು ಒಟ್ಟಿಗೆ ಸೇರಿಸಿ. ಆ ದಿನಗಳಲ್ಲಿ ಮೇವು ನೀರು ಎರಡು ಮೂರು ಕಡೆ ಇರಲಿ, ಮರೆಯಾಗಿ ನಿಲ್ಲಲು ಒಂದೆರಡು ಹಲಗೆಗಳಿರಲಿ. ಕುಟುಂಬ ಪರೀಕ್ಷೆಯ ಅಂಕಣಗಳಿಗೆ ಮಾತ್ರ ನಡುವೆ ಯಾವುದನ್ನೂ ಸೇರಿಸುವಂತಿಲ್ಲ.

ಕುಕ್ಕಾಟ ಹಠಾತ್ತನೆ ಎದ್ದರೆ ಮೊದಲು ಗಾಯಗೊಂಡವನ್ನು ತೆಗೆಯಿರಿ, ನಂತರ ಬೆಳಕನ್ನು ಮಬ್ಬುಗೊಳಿಸಿ, ಸೊಪ್ಪಿನ ಕಟ್ಟನ್ನೋ ಒಣಹುಲ್ಲನ್ನೋ ಎತ್ತರದಲ್ಲಿ ತೂಗುಹಾಕಿ. ಪುಕ್ಕ ಕೀಳುವುದನ್ನು ಕಣ್ಣಾರೆ ಕಂಡ ಹೇಂಟೆಯನ್ನು ಅಂದೇ ಬೇರ್ಪಡಿಸಿ. ಈ ಚಟವನ್ನು ಪಕ್ಕದವು ನೋಡಿ ಕಲಿಯುತ್ತವೆ. ಹಾಗೆ ಬೇರ್ಪಡಿಸಿದ ದಿನವನ್ನೂ, ಅದು ಯಾವ ಕುಟುಂಬದ್ದು ಎಂಬುದನ್ನೂ ಅಂದೇ ಪುಸ್ತಕದಲ್ಲಿ ಬರೆದಿಡಿ.